ಕಾರಣ, ನೆಪ, ಸಬೂಬು, ಸಮಜಾಯಿಷಿ: ನಡವಳಿ ಪುಸ್ತಕದಲ್ಲಿ ಯಾವ ಪದ ಬರೆಯಬೇಕು?

ಪ್ರಶ್ನೆ (ಆಲೂರು ತಾಲ್ಲೂಕು)

ಎಲ್ಲರಿಗೂ ನಮಸ್ಕಾರ. ನಾನು ಇಲ್ಲಿನ ಒಂದು ಕೃಷಿ ಸಹಕಾರ ಸಂಘದಲ್ಲಿ ಸಭೆಯ ನಡವಳಿ ಬರೆಯುತ್ತೇನೆ. ನಾನು ಸೇರುವುದಕ್ಕೆ ಮೊದಲಿನ ನಡವಳಿಯೊಂದರಲ್ಲಿ, ಸಾಲದ ಕಂತು ಉಳಿಸಿಕೊಂಡಿದ್ದ ರೈತರೊಬ್ಬರ ಬಗ್ಗೆ ‘ಸದರಿ ಸದಸ್ಯರು ಕಾಡಾನೆ ಹಾವಳಿಯ ಸಬೂಬು ಹೇಳಿ ಕಂತು ಪಾವತಿಸಿರುವುದಿಲ್ಲ’ ಎಂದು ದಾಖಲಾಗಿದೆ. ಅದನ್ನು ಓದಿ ಹೇಳಿದಾಗ ಆ ಹಿರಿಯರು ಎದ್ದು ನಿಂತು, ‘ನಾನು ಹೇಳಿದ್ದು ಕಾರಣ. ಸಬೂಬು ಅಂತ ಬರೆದವರು ಯಾರು? ತಿದ್ದಿಸಿ’ ಎಂದು ಪಟ್ಟು ಹಿಡಿದರು. ಸಭೆಯಲ್ಲಿದ್ದ ಕೆಲವರು ಎರಡರ ಅರ್ಥವೂ ಒಂದೇ ಎಂದರು. ನನಗೆ ಹಾಗೆ ಅನ್ನಿಸಲಿಲ್ಲ, ಆದರೆ ವ್ಯತ್ಯಾಸವನ್ನು ಬಿಡಿಸಿ ಹೇಳಲೂ ಆಗಲಿಲ್ಲ. ಒಬ್ಬರು ಹೇಳಿದ್ದನ್ನು ದಾಖಲಿಸುವಾಗ ಈ ಪದಗಳಲ್ಲಿ ಯಾವುದು ಸರಿ ಎಂದು ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ 1 (ನಿವೃತ್ತ ಕನ್ನಡ ಅಧ್ಯಾಪಕ, ಚಿಕ್ಕಮಗಳೂರು)

ಆ ಹಿರಿಯರ ಆಕ್ಷೇಪ ನ್ಯಾಯವಾದದ್ದು. ‘ಸಬೂಬು’ ಎಂಬುದರ ಮೂಲ ಅರಬ್ಬಿಯ ‘ಸಬಬ್’, ಅಲ್ಲಿ ಅದಕ್ಕೆ ಕಾರಣ ಎಂದಷ್ಟೇ ಅರ್ಥ. ಮರಾಠಿಯಲ್ಲಿಯೂ ಕನ್ನಡದಲ್ಲಿಯೂ ಬಳಕೆಯಾಗುತ್ತಾ ಅದು ‘ನಂಬಲು ಅರ್ಹವಲ್ಲದ ಕಾರಣ’ ಎಂಬ ಅರ್ಥಕ್ಕೆ ಇಳಿಯಿತು. ಇಂಥ ಪದಗಳನ್ನು ತೂಗಿ ನೋಡಲು ನಾನು ತರಗತಿಯಲ್ಲಿ ಒಂದು ಸುಲಭದ ಪರೀಕ್ಷೆ ಹೇಳುತ್ತಿದ್ದೆ. ‘ನಾನು’ ಎಂದು ಆರಂಭಿಸಿ ವಾಕ್ಯ ರಚಿಸಿ ನೋಡಿ. ‘ನಾನು ಕಾರಣ ತಿಳಿಸುತ್ತೇನೆ’, ‘ನಾನು ಸಮಜಾಯಿಷಿ ಕೊಡುತ್ತೇನೆ’ ಎಂಬ ವಾಕ್ಯಗಳು ನೆಟ್ಟಗೆ ನಿಲ್ಲುತ್ತವೆ. ‘ನಾನು ಈಗ ಸಬೂಬು ಹೇಳುತ್ತೇನೆ’ ಎಂದು ಯಾರೂ ಮಾತು ಶುರುಮಾಡುವುದಿಲ್ಲ. ಅಂದರೆ ಅದು ಕೇಳಿಸಿಕೊಂಡವರು ಹೇಳಿದವರ ಮೇಲೆ ಹೊರಿಸುವ ಪದ, ಮತ್ತು ಹೊರಿಸಿದ ಕ್ಷಣದಲ್ಲಿಯೇ ತೀರ್ಪು ಮುಗಿದಿರುತ್ತದೆ.

‘ನೆಪ’ ಅಥವಾ ‘ನೆವ’ ಇದಕ್ಕಿಂತ ಮೃದು. ‘ಹಬ್ಬದ ನೆಪದಲ್ಲಿ ಅಣ್ಣತಮ್ಮಂದಿರೆಲ್ಲ ಸೇರಿದೆವು’ ಎಂದಾಗ ಯಾರೂ ಸುಳ್ಳಾಡಿದಂತಾಗುವುದಿಲ್ಲ, ಅಲ್ಲಿ ನೆಪವೆಂದರೆ ಒದಗಿಬಂದ ಸಂದರ್ಭ. ಅದೇ ಪದ ‘ಹೇಳು’, ‘ಒಡ್ಡು’ ಎಂಬ ಕ್ರಿಯಾಪದಗಳ ಜೊತೆ ಸೇರಿದರೆ ಅನುಮಾನ ಅಂಟಿಕೊಳ್ಳುತ್ತದೆ, ‘ಕುಂಟುನೆಪ’, ‘ಪಿಳ್ಳೆನೆವ’ ಎಂಬಲ್ಲಿಗೆ ಬಂದರೆ ಅನುಮಾನವೂ ಉಳಿಯದೆ ತಿರಸ್ಕಾರವೇ ಆಗುತ್ತದೆ. ಸಂಸ್ಕೃತದ ‘ವ್ಯಾಜ’ಕ್ಕೂ ನೆಪವೆಂದೇ ಅರ್ಥ. ಆ ಪದವನ್ನು ನಾವು ಬಿಡಿಯಾಗಿ ಬಳಸುವುದು ಅಪರೂಪವಾದರೂ, ‘ನಿರ್ವ್ಯಾಜ ಪ್ರೀತಿ’ ಎನ್ನುವಾಗ ಯಾವ ನೆಪವನ್ನೂ ಹುಡುಕದ ಪ್ರೀತಿ ಎಂಬ ಅರ್ಥ ಅಲ್ಲಿ ಜೀವಂತವಾಗಿದೆ. ‘ಸಮಜಾಯಿಷಿ’ ಕಚೇರಿಯ ಪದ. ಮೇಲಿನವರು ಕೇಳಿದಾಗ ಕೆಳಗಿನವರು ಕೊಡುವಂಥದ್ದು ಎಂಬ ಛಾಯೆ ಅದಕ್ಕಿದೆ, ಆದ್ದರಿಂದ ಸಂಘದ ಸದಸ್ಯರ ವಿಷಯದಲ್ಲಿ ಅದನ್ನೂ ಬಳಸದಿರುವುದೇ ಒಳ್ಳೆಯದು ಎಂದು ನನ್ನ ಅಭಿಪ್ರಾಯ.

ಪ್ರಶ್ನೆ ಕೇಳಿದವರು

ಗುರುಗಳೇ, ಧನ್ಯವಾದಗಳು. ಒಂದು ಸಂದೇಹ ಉಳಿದಿದೆ. ಸದಸ್ಯರು ಹೇಳಿದ್ದು ನಿಜವಲ್ಲವೆಂದು ಆಡಳಿತ ಮಂಡಳಿಗೆ ಖಚಿತವಾಗಿದ್ದಾಗಲೂ ‘ಕಾರಣ’ ಎಂದೇ ಬರೆಯಬೇಕೆ?

ಉತ್ತರ 2 (ವಕೀಲರು, ಹಾಸನ)

ಬರೆಯಬೇಕು. ಹೇಳಿಕೆ ಒಂದು ವಾಕ್ಯದಲ್ಲಿರಲಿ, ಅದರ ಮೇಲಿನ ನಿರ್ಣಯ ಮತ್ತೊಂದು ವಾಕ್ಯದಲ್ಲಿರಲಿ. ನಿಮ್ಮ ನಡವಳಿಯನ್ನು ನಾನಾದರೆ ಹೀಗೆ ಬರೆಯುತ್ತಿದ್ದೆ: ‘ಕಾಡಾನೆಗಳಿಂದ ಬೆಳೆ ಹಾನಿಯಾಗಿರುವುದೇ ಕಂತು ಬಾಕಿಗೆ ಕಾರಣವೆಂದು ಸದರಿ ಸದಸ್ಯರು ತಿಳಿಸಿ, ಕಾಲಾವಕಾಶ ಕೋರಿರುತ್ತಾರೆ. ಸಭೆಯು ಪರಿಶೀಲಿಸಿ, ಈ ಕಾರಣವನ್ನು ಒಪ್ಪಿರುವುದಿಲ್ಲ.’ ಒಪ್ಪದಿರುವ ಅಧಿಕಾರ ಸಭೆಗಿದೆ, ಬರವಣಿಗೆ ಮಾಡುವವರಿಗಿಲ್ಲ. ‘ಸಬೂಬು’ ಎಂದು ಬರೆದಾಗ ಆ ಅಧಿಕಾರವನ್ನು ಲೇಖನಿ ಸದ್ದಿಲ್ಲದೆ ತಾನೇ ವಹಿಸಿಕೊಂಡುಬಿಡುತ್ತದೆ.

ನ್ಯಾಯಾಲಯದಲ್ಲಿಯೂ ಕ್ರಮ ಇದೇ. ಮೇಲ್ಮನವಿ ತಡವಾದರೆ 1963ರ ಕಾಲಪರಿಮಿತಿ ಕಾಯ್ದೆಯ 5ನೇ ಕಲಮಿನಡಿ ವಿಳಂಬ ಮನ್ನಾ ಕೋರಿ ಅರ್ಜಿ ಹಾಕುತ್ತೇವೆ, ತಡಕ್ಕೆ ಸಾಕಷ್ಟು ಕಾರಣವಿತ್ತೆಂದು ತೋರಿಸುತ್ತೇವೆ. ಪ್ರತಿಯೊಂದು ದಿನದ ತಡಕ್ಕೂ ವಿವರಣೆ ಬೇಕೆಂಬ ಮಾತನ್ನು ಪಂಡಿತರ ಹಟದಂತೆ ಹಿಡಿಯಬಾರದೆಂದು ಸುಪ್ರೀಂ ಕೋರ್ಟ್ 1987ರಲ್ಲಿ, ಅನಂತನಾಗದ ಭೂಸ್ವಾಧೀನ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ಎದುರು ಪಕ್ಷದವರು ತಮ್ಮ ತಕರಾರಿನಲ್ಲಿ ‘ಇದು ಕುಂಟುನೆಪ’ ಎಂದು ಬರೆಯಬಹುದು, ಅದು ಅವರ ವಾದ. ಆದೇಶ ಬರೆಯುವವರು ಮೊದಲು ಕಾರಣವನ್ನು ಕಾರಣವೆಂದೇ ನಮೂದಿಸಿ, ಆಮೇಲೆ ಅದು ಸಾಕೇ ಎಂದು ನೋಡುತ್ತಾರೆ.

ಇನ್ನೊಂದು ಭೇದವನ್ನೂ ಗಮನದಲ್ಲಿಡಿ. ಆತ್ಮರಕ್ಷಣೆಗಾಗಿ ಹೊಡೆದವನು ‘ಮಾಡಿದೆ, ಮಾಡಿದ್ದು ಸರಿ’ ಎನ್ನುತ್ತಾನೆ, ಅದು ಸಮರ್ಥನೆ. ಏಳು ವರ್ಷದೊಳಗಿನ ಮಗುವಿನ ಕೃತ್ಯವನ್ನು ಕಾನೂನು ಸರಿ ಎನ್ನುವುದಿಲ್ಲ, ಮಗುವನ್ನು ಹೊಣೆ ಮಾಡುವುದಿಲ್ಲ ಅಷ್ಟೇ. ನಿಮ್ಮ ರೈತರು ಕಂತು ಕಟ್ಟದಿದ್ದದ್ದು ಸರಿ ಎಂದು ವಾದಿಸಿಲ್ಲ, ಕಟ್ಟಲಾಗಲಿಲ್ಲ ಎಂದಿದ್ದಾರೆ. ಹೀಗಾಗಿ ‘ಸಮರ್ಥಿಸಿಕೊಂಡರು’ ಎಂಬ ಪದವೂ ಇಲ್ಲಿ ಸಲ್ಲದು.

ಉತ್ತರ 3 (ಕಾಫಿ ಬೆಳೆಗಾರ್ತಿ, ಸಕಲೇಶಪುರ)

ವಕೀಲರು ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಒಂದೂರಿನಲ್ಲಿ ನಗುವಂಥ ನೆಪ ಮತ್ತೊಂದೂರಿನಲ್ಲಿ ಪ್ರಾಣದ ಪ್ರಶ್ನೆಯಾಗಿರುತ್ತದೆ. ‘ದಾರಿಯಲ್ಲಿ ಆನೆ ನಿಂತಿತ್ತು, ಬರುವುದು ತಡವಾಯಿತು’ ಎಂದು ಬೆಂಗಳೂರಿನ ಕಚೇರಿಯಲ್ಲಿ ಹೇಳಿದರೆ ಕಥೆ ಕಟ್ಟುತ್ತಿದ್ದಾರೆ ಎಂದುಕೊಳ್ಳುತ್ತಾರೆ. ನಮ್ಮ ತೋಟದ ಕೆಲಸದವರು ಅದೇ ಮಾತು ಹೇಳಿದರೆ ನಾನು ಕೇಳುವುದು ‘ಯಾವ ಕಡೆಗೆ ಹೋಯಿತು?’ ಎಂದು ಮಾತ್ರ. 2023ರ ಡಿಸೆಂಬರಿನಲ್ಲಿ ನಮ್ಮ ತಾಲ್ಲೂಕಿನ ಯಸಳೂರು ವಲಯದಲ್ಲಿ ಕಾಡಾನೆ ಸೆರೆ ಹಿಡಿಯುವಾಗ, ಮೈಸೂರು ದಸರೆಯಲ್ಲಿ ಅಂಬಾರಿ ಹೊತ್ತಿದ್ದ ಅರ್ಜುನನೇ ಪ್ರಾಣ ಬಿಟ್ಟ. ಪಳಗಿದ ಆನೆಗೇ ಈ ಗತಿಯಾದ ಸೀಮೆಯಲ್ಲಿ, ಒಂದು ಎಕರೆ ಬಾಳೆ, ಭತ್ತ ನೆಚ್ಚಿಕೊಂಡ ರೈತರ ಮಾತನ್ನು ವಿಚಾರಿಸುವ ಮೊದಲೇ ಸಬೂಬು ಎನ್ನುವುದು ತೀರಾ ಕಠೋರ.

ಹಾಗೆಂದು ಕುಣಿಯಲಾರದವಳು ನೆಲ ಡೊಂಕು ಎನ್ನುವುದೂ ಉಂಟು, ನೆರೆಯವರ ಗದ್ದೆಗೆ ನುಗ್ಗಿದ ಆನೆಯನ್ನು ತಮ್ಮ ಲೆಕ್ಕಕ್ಕೆ ಬರೆಸಿಕೊಳ್ಳುವವರನ್ನೂ ನೋಡಿದ್ದೇನೆ. ಅದಕ್ಕೆ ಉಪಾಯ ಪದದಲ್ಲಿಲ್ಲ, ವಿಚಾರಣೆಯಲ್ಲಿದೆ. ಪರಿಹಾರಕ್ಕಾಗಿ ಅರಣ್ಯ ಇಲಾಖೆಗೆ ಕೊಟ್ಟ ಅರ್ಜಿಯ ನಕಲು, ಪಹಣಿ, ತುಳಿದು ಹೋದ ಜಾಗದ ಛಾಯಾಚಿತ್ರ ಅವರ ಬಳಿ ಇದ್ದರೆ ನಡವಳಿಯ ಜೊತೆಗೆ ಲಗತ್ತಿಸಿಕೊಳ್ಳಿ. ಇಲ್ಲದಿದ್ದರೆ ನಿರ್ದೇಶಕರಿಬ್ಬರು ಗದ್ದೆಗೆ ಹೋಗಿ ನೋಡಿ ಬರಲಿ.