ಅಪ್ಪನ ಪ್ರಾಸ್ಟೇಟ್‌ಗೆ ಗಿಡಮೂಲಿಕೆ ಮಾತ್ರೆ: ತಗೊಂಡವರು ಯಾರಾದರೂ ಇದ್ದೀರಾ?

ಗುಬ್ಬಿಯಿಂದ, ಕೇಳುತ್ತಿರುವವನು:
ಅಪ್ಪನಿಗೆ 66. ರಾತ್ರಿ ನಾಲ್ಕೈದು ಸಲ ಎದ್ದು ಒಂದಕ್ಕೆ ಹೋಗುತ್ತಾರೆ. ಧಾರೆ ಸಣ್ಣಗಾಗಿದೆ, ನಿಂತು ನಿಂತು ಬರುತ್ತದಂತೆ. ಮೂತ್ರಚೀಲದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿ ಊದಿರಬೇಕು ಅಂತ ಅನುಮಾನ. ಡಾಕ್ಟರ ಹತ್ತಿರ ಹೋಗೋಣ ಅಂದರೆ ನಾಚಿಕೆ. ಫೋನಿನಲ್ಲಿ ಜಾಹೀರಾತು ನೋಡಿ 'ಸಾ ಪಾಮೆಟೊ' ಅನ್ನುವ ಮಾತ್ರೆ ತರಿಸು ಅಂತ ಹಟ ಹಿಡಿದಿದ್ದಾರೆ. ತಿಂಗಳಿಗೆ 1,400 ರೂಪಾಯಿ. ಪಕ್ಕದ ಮನೆಯವರು ನೆಗ್ಗಿಲು ಮುಳ್ಳಿನ ಕಷಾಯ ಸಾಕು ಅನ್ನುತ್ತಾರೆ. ಯಾರಿಗಾದರೂ ಗುಣ ಕಂಡಿದೆಯಾ?

ಕ್ಯಾತ್ಸಂದ್ರದಿಂದ:
ತಮ್ಮಾ, ನನಗೆ 68. ಆ ಮಾತ್ರೆಯನ್ನು ಏಳು ತಿಂಗಳು ನುಂಗಿದವನು ನಾನು. ಹಾಗಾಗಿ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ಅದು ಅಮೆರಿಕದ ಫ್ಲಾರಿಡಾ ಕಡೆ ಬೆಳೆಯುವ ಕುಳ್ಳ ತಾಳೆ ಜಾತಿಯ ಗಿಡ. ಅದರ ಹಣ್ಣಿನ ಸಾರ. ಮೊದಲ ತಿಂಗಳು ಐದು ಸಲ ಏಳುತ್ತಿದ್ದವನು ಮೂರಕ್ಕೆ ಇಳಿದೆ. ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದೆ. ಮೂರನೇ ತಿಂಗಳಿಗೆ ಮತ್ತೆ ಐದು. ಆದರೂ ಬಿಡಲಿಲ್ಲ, ದುಡ್ಡು ಕೊಟ್ಟಿದ್ದೆನಲ್ಲ!

ಆಮೇಲೆ ಮಗಳು ಹುಡುಕಿ ಓದಿ ಹೇಳಿದಳು. ಅಮೆರಿಕದಲ್ಲಿ 225 ಗಂಡಸರಿಗೆ ಒಂದು ವರ್ಷ ಕೊಟ್ಟು ನೋಡಿ 2006ರಲ್ಲಿ ಫಲಿತಾಂಶ ಹೇಳಿದ್ದಾರೆ. ಕೆಲವರಿಗೆ ಇದು, ಉಳಿದವರಿಗೆ ನೋಡಲು ಹಾಗೇ ಇರುವ ಔಷಧಿ ಇಲ್ಲದ ಮಾತ್ರೆ. ವ್ಯತ್ಯಾಸ ಕಾಣಲಿಲ್ಲ. 2011ರಲ್ಲಿ 369 ಜನರ ಮೇಲಿನ ಇನ್ನೊಂದು ಪರೀಕ್ಷೆ ಬಂತು. ಡೋಸ್ ಮೂರು ಪಟ್ಟು ಏರಿಸಿದರೂ ಅಷ್ಟೇ. ತಮಾಷೆ ಏನಪ್ಪಾ ಅಂದರೆ, ಸುಳ್ಳು ಮಾತ್ರೆ ನುಂಗಿದವರಿಗೂ ಸ್ವಲ್ಪ ಗುಣ ಕಂಡಿತ್ತು. ನನ್ನ ಮೊದಲ ತಿಂಗಳ ಸುಖವೂ ಅದೇ ಇರಬೇಕು. ಈ ತೊಂದರೆಯೇ ಹಾಗೆ, ಒಂದು ವಾರ ಜಾಸ್ತಿ, ಒಂದು ವಾರ ಕಡಿಮೆ.

ಮಾತ್ರೆಯಿಂದ ನನಗೆ ಕೆಟ್ಟದ್ದೇನೂ ಆಗಲಿಲ್ಲ. ಕೆಟ್ಟದ್ದು ಮಾಡಿದ್ದು ಸುಮ್ನೆ ಕಳೆದ ಆ ಏಳು ತಿಂಗಳು. ತಿಪಟೂರಿಗೆ ಮದುವೆಗೆ ಹೋದಾಗ ನೆಗಡಿ ಹಿಡಿಯಿತು. ಮೆಡಿಕಲ್‌ನಲ್ಲಿ ಕೇಳಿ ಒಂದು ಮಾತ್ರೆ ನುಂಗಿದೆ. ರಾತ್ರಿ ಮೂತ್ರ ಪೂರ್ತಿ ಕಟ್ಟಿಕೊಂಡಿತು. ಕಿಬ್ಬೊಟ್ಟೆಯಲ್ಲಿ ತೆಂಗಿನಕಾಯಿ ಇಟ್ಟ ಹಾಗೆ ಗಟ್ಟಿ. ಬೆಳಗಿನ ಜಾವ ಆಸ್ಪತ್ರೆಯಲ್ಲಿ ಟ್ಯೂಬ್ ಹಾಕಿ ಮುಕ್ಕಾಲು ಲೀಟರ್ ತೆಗೆದರು. ಆ ನೋವು ಶತ್ರುವಿಗೂ ಬೇಡ. ನೆಗಡಿ ಮಾತ್ರೆಯಲ್ಲಿರುವ ಕೆಲವು ಔಷಧಿ ಮೂತ್ರ ಕಟ್ಟಿಸುತ್ತದೆ, ಪ್ರಾಸ್ಟೇಟ್ ಊದಿದವರು ಕೇಳದೆ ನುಂಗಬಾರದು ಅಂತ ಆವತ್ತು ಗೊತ್ತಾಯಿತು.

ಈಗ ರಾತ್ರಿ ಊಟ ಆದ ಮೇಲೆ, ಮೂತ್ರದ ದಾರಿ ಸಡಿಲಿಸುವ ಟ್ಯಾಮ್‌ಸುಲೋಸಿನ್ ಮಾತ್ರೆ ಒಂದು. ವಾರದೊಳಗೆ ಧಾರೆ ಸರಿಯಾಯಿತು. ಮೊದಮೊದಲು ಹಾಸಿಗೆಯಿಂದ ದಡಕ್ಕನೆ ಎದ್ದರೆ ತಲೆ ಸುತ್ತುತ್ತಿತ್ತು, ನಿಧಾನ ಏಳಬೇಕು. ಅಪ್ಪನಿಗೆ ನಾಚಿಕೆ ಅಂದೆಯಲ್ಲ, ಡಾಕ್ಟರು ಮೊದಲು ಏಳು ಪ್ರಶ್ನೆ ಕೇಳುತ್ತಾರೆ, 35ಕ್ಕೆ ಅಂಕ ಹಾಕುತ್ತಾರೆ. ನನಗೆ 22 ಬಂದಿತ್ತು. ಪರೀಕ್ಷೆಯಲ್ಲಿ ಜಾಸ್ತಿ ಅಂಕ ಬಂದು ಬೇಜಾರಾಗಿದ್ದು ಅದೊಂದೇ ಸಲ. ಆಮೇಲೆ ಸ್ಕ್ಯಾನ್, ಪ್ರಾಸ್ಟೇಟ್ ಕ್ಯಾನ್ಸರ್ ಅನುಮಾನ ಇದೆಯಾ ಅಂತ ನೋಡುವ ಪಿಎಸ್‌ಎ ರಕ್ತಪರೀಕ್ಷೆ. ಗುದದ್ವಾರದಲ್ಲಿ ಬೆರಳು ಹಾಕಿ ಪ್ರಾಸ್ಟೇಟ್ ನೋಡುವುದು ಅರ್ಧ ನಿಮಿಷವೂ ಇಲ್ಲ.

ಚಿಂತಾಮಣಿಯಿಂದ:
ನೆಗ್ಗಿಲು ನಮ್ಮ ಹೊಲದ ಬದುವಿನಲ್ಲೇ ಬೆಳೆಯುತ್ತೆ. ಬರಿಗಾಲಲ್ಲಿ ನಡೆದವರಿಗೆ ಅದರ ಮುಳ್ಳಿನ ಪರಿಚಯ ಇದೆ, ಅಲ್ವಾ? ಆಯುರ್ವೇದದವರು ಗೋಕ್ಷುರ ಅನ್ನುವುದು ಅದನ್ನೇ. ನಾನು ಆಯುರ್ವೇದ ಡಾಕ್ಟರ ಹತ್ತಿರವೇ ತೋರಿಸಿ ಗೋಕ್ಷುರಾದಿ ಗುಗ್ಗುಲು, ಚಂದ್ರಪ್ರಭಾ ವಟಿ ತಗೊಂಡೆ. ಉರಿಮೂತ್ರ ಕಡಿಮೆಯಾಯಿತು, ಸುಳ್ಳು ಹೇಳಲ್ಲ. ರಾತ್ರಿ ಏಳುವುದು ನಿಲ್ಲಲಿಲ್ಲ. ಅವರೇ ಶುಗರ್ ಚೆಕ್ ಮಾಡಿಸಿ ಅಂದರು. ಊಟಕ್ಕೆ ಮುಂಚೆ 240! ನನ್ನ ಕಾಯಿಲೆ ಪ್ರಾಸ್ಟೇಟೇ ಆಗಿರಲಿಲ್ಲ. ಇನ್ನೊಂದು, ಚಂದ್ರಪ್ರಭಾ ವಟಿಯಲ್ಲಿ ಲೋಹ ಭಸ್ಮ ಇರುತ್ತೆ. ಗ್ರಂಧಿಗೆ ಅಂಗಡಿಯಲ್ಲಿ ನೀವೇ ಕೇಳಿ ತಂದು ವರ್ಷಗಟ್ಟಲೆ ನುಂಗುವ ಮಾತ್ರೆ ಅಲ್ಲ.

ಗೌರಿಬಿದನೂರಿನಿಂದ:
ನನಗೆ ಸಿಹಿಗುಂಬಳದ ಬೀಜ ಸರಿಹೋಗಿದೆ. ಯಾರು ಏನಾದರೂ ಅನ್ನಲಿ. ದಿನಾ ಒಂದು ಹಿಡಿ.

ಕ್ಯಾತ್ಸಂದ್ರದಿಂದ:
ತಿನ್ನಿ ಸಾರ್, ಬೀಜ ತಿಂದರೆ ನಷ್ಟ ಇಲ್ಲ. ಸ್ಕ್ಯಾನ್ ಮಾಡಿಸಿದ್ದೀರಾ?

ಗೌರಿಬಿದನೂರಿನಿಂದ:
ಇಲ್ಲ.

ಬಂಗಾರಪೇಟೆಯಿಂದ:
ನಮ್ಮ ಯಜಮಾನರ ಪರವಾಗಿ ಬರೆಯುತ್ತಿದ್ದೇನೆ, ಅವರು ಬರೆಯೋದಿಲ್ಲ. ಮೇಲಿನವರು ಹೇಳಿದ ಟ್ಯಾಮ್‌ಸುಲೋಸಿನ್ ತಗೊಳ್ಳುವವರು ಕಣ್ಣಿನ ಪೊರೆ ಆಪರೇಷನ್‌ಗೆ ಮುಂಚೆ ಕಣ್ಣಿನ ಡಾಕ್ಟರಿಗೆ ಹೇಳಲೇಬೇಕು. ಆಪರೇಷನ್ ಹೊತ್ತಿನಲ್ಲಿ ಕಣ್ಣಿನ ಪಾಪೆ ಸಡಿಲವಾಗಿ ತೊಂದರೆ ಕೊಡುತ್ತದಂತೆ. ಗೊತ್ತಿದ್ದರೆ ಅವರು ತಯಾರಾಗಿರುತ್ತಾರೆ. ಫಿನಾಸ್ಟರೈಡ್ ಅಂತ ಇನ್ನೊಂದು ಮಾತ್ರೆ ಇದೆ, ಊದಿದ ಪ್ರಾಸ್ಟೇಟ್ ಕುಗ್ಗಿಸುವುದು. ಅದು ಆರು ತಿಂಗಳಲ್ಲಿ ಪಿಎಸ್‌ಎ ಸಂಖ್ಯೆಯನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸುತ್ತೆ. ಸಂಖ್ಯೆ ಇಳಿದಿದೆ, ಕ್ಯಾನ್ಸರ್ ಇಲ್ಲ ಅಂತ ಮೋಸ ಹೋಗಬಾರದು. ರಕ್ತ ತೆಳುವಾಗುವ ಮಾತ್ರೆ ತಗೊಳ್ಳುವವರು ಗಿಡಮೂಲಿಕೆ ಮಾತ್ರೆಯ ವಿಷಯವನ್ನೂ ಡಾಕ್ಟರಿಗೆ ಹೇಳಿ. ನಮ್ಮವರು ಮುಚ್ಚಿಟ್ಟಿದ್ದರು, ನಾನೇ ಬಾಟಲಿ ತಗೊಂಡು ಹೋಗಿ ಮೇಜಿನ ಮೇಲೆ ಇಟ್ಟೆ.

ಮತ್ತೆ, ಸಂಜೆ ಆರರ ಮೇಲೆ ಕಾಫಿ ಬಿಡಿಸಿ. ಅದೊಂದರಿಂದಲೇ ನಮ್ಮಲ್ಲಿ ಒಂದು ಸಲ ಏಳುವುದು ಕಡಿಮೆಯಾಯಿತು. ಮೂತ್ರದಲ್ಲಿ ರಕ್ತ ಕಂಡರೆ, ಚಳಿ ಜ್ವರ ಬಂದರೆ ಇಲ್ಲಿ ಕೇಳುತ್ತಾ ಕೂರಬೇಡಿ.

ಪಾವಗಡದಿಂದ:
ಬಾಳೆದಿಂಡಿನ ರಸ ಕೊಡಿ.

ಚಿಂತಾಮಣಿಯಿಂದ:
ಅದು ಜನ ಕುಡಿಯುವುದು ಕಿಡ್ನಿ ಕಲ್ಲಿಗೆ ಅಣ್ಣ, ಇದು ಬೇರೆ.

ಗುಬ್ಬಿಯಿಂದ:
ಎಲ್ಲರದ್ದನ್ನೂ ಅಪ್ಪನಿಗೆ ಓದಿ ಹೇಳಿದೆ. ಟ್ಯೂಬ್ ಹಾಕಿದ ಕಡೆ ಇನ್ನೊಂದು ಸಲ ಓದು ಅಂದರು. ಶನಿವಾರ ತುಮಕೂರಿಗೆ ಬರಲು ಒಪ್ಪಿದ್ದಾರೆ. ಷರತ್ತು ಒಂದೇ: ಆ ಏಳು ಪ್ರಶ್ನೆ ಕೇಳುವಾಗ ಅಮ್ಮ ಹೊರಗೆ ಕೂತಿರಬೇಕಂತೆ.