ಪಾಲಿಶ್ ಆಮೇಲೆ ಕಣೋ, ಮೊದ್ಲು ಗ್ಯಾಸ್ ಬರೋ ದಾರಿ ನೋಡು

ಹಲೋ... ಹಾಂ, ರೆಕಾರ್ಡ್ ಆಗ್ತಿದೆ. ಪುಟ್ಟಾ, ನೀನು ಹಾಕಿದ ಫೋಟೋಗಳನ್ನ ಕನ್ನಡಕ ಹಾಕ್ಕೊಂಡು ಒಂದೊಂದಾಗಿ ದೊಡ್ಡದು ಮಾಡಿ ನೋಡ್ದೆ. ಟೈಪ್ ಮಾಡ್ತಾ ಕೂತ್ರೆ ನಾಳೆ ಆಗುತ್ತೆ, ಅದಕ್ಕೇ ಮಾತಾಡ್ತಾ ಇದೀನಿ. ಉದ್ದ ಆಗುತ್ತೆ. ಬೇಜಾರಾದೋರು ಸ್ಪೀಡ್ ಜಾಸ್ತಿ ಮಾಡ್ಕೊಂಡು ಕೇಳಿ, ಅತ್ತೆ ದನಿ ಇಲಿ ಥರ ಕೇಳಿಸಿದ್ರೂ ಪರವಾಗಿಲ್ಲ.

ಬೆಳಗ್ಗೆಯಿಂದ ಗ್ರೂಪ್ ನೋಡ್ದೇ ಇರೋರಿಗೆ ವಿಷಯ ಏನು ಅಂದ್ರೆ, ಯಾರೋ ಮನೆ ಖಾಲಿ ಮಾಡ್ತಾ ಇದ್ದೋರ ಹತ್ರ ಇವನಿಗೆ ಒಂದು ದೊಡ್ಡ ಗ್ಯಾಸ್ ಗ್ರಿಲ್ ಸಿಕ್ಕಿದೆ, ಹೊರಗಡೆ ಇಟ್ಕೊಂಡು ಜಾಲರಿ ಮೇಲೆ ಸುಟ್ಟು ಅಡುಗೆ ಮಾಡೋದು. ಹೊಸದಾಗಿದ್ರೆ ನಾವ್ಯಾರೂ ಹತ್ರ ಹೋಗಿ ಮುಟ್ಟೋ ಅಂಥದ್ದಲ್ಲ. ಅವ್ರ ಮನೇಲಿ ಪೈಪ್‌ಲೈನ್ ಗ್ಯಾಸಿಗೆ ಹಚ್ಚಿ ತೋರಿಸಿದಾಗ ಮೂರು ಬರ್ನರ್ ಸರಿಯಾಗಿ ಉರೀತಂತೆ, ಬಲಗಡೇದು ಮಾತ್ರ ಹಳದಿ ಉರಿ, ಅದೂ ಅರ್ಧಕ್ಕೆ. ಬಟನ್ ಒತ್ತಿದ್ರೆ ಕಿಡಿ ಇಲ್ಲ. ಮುಚ್ಚಳದ ಮೇಲೆ ತುಕ್ಕಿನ ಚುಕ್ಕೆ, ಒಳಗೆ ಬಣ್ಣ ಪದರ ಪದರ ಏಳ್ತಿದೆ. ದೊಡ್ಡಣ್ಣ ಗುಜರಿಗೆ ಹಾಕು ಅಂತಾನೆ. ಭಾವ, ಗ್ಯಾಸ್ ಅಂದ್ರೆ ಗ್ಯಾಸೇ, ಸಿಲಿಂಡರ್ ಸಿಕ್ಕಿಸಿ ಹಚ್ಚು ಅಂತಾರೆ. ಇವನು ಎರಡು ಡಬ್ಬಿ ಸ್ಟೀಲ್ ಪಾಲಿಶ್ ತಂದಿಟ್ಕೊಂಡು ಭಾನುವಾರಕ್ಕೆ ಕಾಯ್ತಿದಾನೆ.

ಭಾವ, ಬೇಜಾರು ಮಾಡ್ಕೋಬೇಡಿ, ಮೊದ್ಲು ನಿಮ್ಮ ಮಾತೇ ತಗೋತೀನಿ, ಯಾಕಂದ್ರೆ ಇಷ್ಟರಲ್ಲೂ ಜೀವಕ್ಕೆ ಬರೋದು ಅದೊಂದೇ. ಪೈಪ್‌ಲೈನಲ್ಲಿ ಬರೋದು ನೈಸರ್ಗಿಕ ಅನಿಲ, ಬಹುಪಾಲು ಮೀಥೇನ್. ಸಿಲಿಂಡರ್‌ನಲ್ಲಿ ಇರೋದು ಪ್ರೊಪೇನ್, ಇಲ್ಲಾ ಪ್ರೊಪೇನ್ ಬ್ಯೂಟೇನ್ ಸೇರಿದ್ದು. ಅಷ್ಟೇ ಅಳತೆ ಗ್ಯಾಸ್ ಉರಿಸಿದ್ರೆ ಪ್ರೊಪೇನ್ ಶಾಖ ಮೀಥೇನಿನ ಎರಡೂವರೆ ಪಟ್ಟು. ಒತ್ತಡವೂ ಬೇರೆ. ನೀರಿನ ಕಂಬದ ಲೆಕ್ಕದಲ್ಲಿ, ಅಂದ್ರೆ ಆ ಒತ್ತಡ ನೀರನ್ನ ಎಷ್ಟು ಇಂಚು ಮೇಲೆತ್ತುತ್ತೆ ಅಂತ ಹೇಳೋದಾದ್ರೆ ಪೈಪ್‌ಲೈನ್ ಗ್ರಿಲ್‌ಗಳು ಸಾಮಾನ್ಯವಾಗಿ 4ರಿಂದ 7 ಇಂಚಿಗೆ ಮಾಡಿದ್ದು, ಸಿಲಿಂಡರ್ ಗ್ರಿಲ್‌ಗಳು 11 ಇಂಚಿಗೆ. ಅದಕ್ಕೇ ಪೈಪ್‌ಲೈನ್ ಗ್ರಿಲ್‌ನ ಜೆಟ್, ಅಂದ್ರೆ ಬರ್ನರ್‌ಗೆ ಗ್ಯಾಸ್ ಚಿಮ್ಮೋ ಹಿತ್ತಾಳೆ ಮೂತಿ, ಅದರ ತೂತು ದೊಡ್ಡದು, ಸಿಲಿಂಡರ್‌ದು ಸಣ್ಣದು. ಆ ದೊಡ್ಡ ತೂತಿಗೆ ಸಿಲಿಂಡರ್ ಗ್ಯಾಸ್ ಬಿಟ್ರೆ ಎಷ್ಟು ಉರಿಗೆ ಅಂತ ಆ ಪೆಟ್ಟಿಗೆ ಮಾಡಿದಾರೋ ಅದರ ಎರಡು ಪಟ್ಟು ಮೀರುತ್ತೆ. ನಾಬ್ ಕರಗುತ್ತೆ, ಮುಚ್ಚಳ ತೆಗೆಯೋಕೆ ಬಗ್ಗಿದೋನ ಹುಬ್ಬು ಹೋಗುತ್ತೆ, ಅದು ಅದೃಷ್ಟ ಚೆನ್ನಾಗಿದ್ರೆ. ತೂತು ದೊಡ್ಡದು ಮಾಡೋಕೆ ಡ್ರಿಲ್ ಇದೆ, ಚಿಕ್ಕದು ಮಾಡೋಕೆ ಯಾವ ಡ್ರಿಲ್ಲೂ ಇಲ್ಲ ಭಾವ.

ಹಾಗಂತ ಕೆಟ್ಟುಹೋಯ್ತು ಅಂತಲ್ಲ. ಆ ಮಾಡೆಲ್‌ಗೇ ಅಂತ ಪೈಪ್‌ಲೈನ್‌ನಿಂದ ಸಿಲಿಂಡರ್‌ಗೆ ಬದಲಾಯಿಸೋ ಕಂಪನಿಯವರ ಕನ್ವರ್ಷನ್ ಕಿಟ್ ಇದೆಯಾ ವಿಚಾರಿಸು. ಅದರಲ್ಲಿ ಜೆಟ್‌ಗಳು, ರೆಗ್ಯುಲೇಟರ್, ಪೈಪು ಎಲ್ಲಾ ಒಟ್ಟಿಗೆ ಬರುತ್ತೆ. ಕೆಲವು ಗ್ರಿಲ್‌ಗಳನ್ನ ಬದಲಾಯಿಸಲೇಬಾರದು ಅಂತ ಕಂಪನಿಯವರೇ ಬರೆದಿರ್ತಾರೆ, ಹಾಗಿದ್ರೆ ಅಲ್ಲಿಗೆ ಮುಗೀತು, ಪೈಪ್‌ಲೈನ್ ಇರೋರಿಗೆ ಕೊಟ್ಬಿಡು. ಕಿಟ್ ಇದ್ರೆ ಅದನ್ನ ಕೂರಿಸೋ ಕೆಲಸ ಗ್ಯಾಸ್ ಕೆಲಸ ಗೊತ್ತಿರೋರ ಕೈಗೆ ಕೊಡು. ನಾನು ಎಲ್ಲಾ ಬಿಚ್ತೀನಿ ಜೋಡಿಸ್ತೀನಿ, ಆದ್ರೆ ಅದೊಂದನ್ನ ನಾನೂ ಮಾಡಲ್ಲ. ಇನ್ನೊಂದು, ಪ್ರೊಪೇನ್ ಗಾಳಿಗಿಂತ ಒಂದೂವರೆ ಪಟ್ಟು ಭಾರ. ಸೋರಿದ್ರೆ ಮೇಲೆ ಹಾರಿಹೋಗಲ್ಲ, ಕೆಳಗಿನ ಕಪಾಟಿನಲ್ಲಿ ನೀರಿನ ಥರ ನಿಂತ್ಕೊಳ್ಳುತ್ತೆ. ತಳದಲ್ಲಿ ಗಾಳಿ ಕಿಂಡಿ ಇದ್ರೆ ಇಲಿ ಬರುತ್ತೆ ಅಂತ ಮುಚ್ಚಬೇಡ. ಕಿಂಡಿ ಇಲ್ಲದ ಕಪಾಟು ಅಂದ್ರೆ ಸಿಲಿಂಡರ್ ಒಳಗಿಡೋ ಮಾತೇ ಬೇಡ.

ಈಗ ದೊಡ್ಡಣ್ಣನ ಗುಜರಿ. ಗುಜರಿಗೆ ಹಾಕೋ ಮುಂಚೆ ಒಂದು ಅಯಸ್ಕಾಂತ ತಗೊಂಡು ಮುಚ್ಚಳ, ಪೆಟ್ಟಿಗೆ, ಬರ್ನರ್ ಎಲ್ಲದಕ್ಕೂ ಅಂಟಿಸಿ ನೋಡು. ಗಟ್ಟಿಯಾಗಿ ಕಚ್ಕೊಂಡ್ರೆ ಅದು ಬಹುಶಃ 430 ಜಾತಿ ಸ್ಟೀಲ್, ನಿಕ್ಕಲ್ ಇಲ್ಲದ್ದು, ಹೊರಗಡೆ ನಿಂತ್ರೆ ಬೇಗ ಚುಕ್ಕೆ ಬರುತ್ತೆ. ಅಂಟದೇ ಇದ್ರೆ 304 ಇರಬಹುದು, 18 ಪಾಲು ಕ್ರೋಮಿಯಂ 8 ಪಾಲು ನಿಕ್ಕಲ್ ಅಂತಾರಲ್ಲ ಅದು, ಬಗ್ಗಿಸಿದ ಅಂಚುಗಳಲ್ಲಿ ಮಾತ್ರ ಒಂಚೂರು ಎಳೆಯುತ್ತೆ. 201 ಅಂತ ಅಗ್ಗದ ಜಾತಿಯೂ ಅಂಟಲ್ಲ, ಹಾಗಾಗಿ ಅಯಸ್ಕಾಂತ ಪೂರ್ತಿ ಸಾಕ್ಷಿ ಅಲ್ಲ, ಆದ್ರೆ ದುಬಾರಿ ಗ್ರಿಲ್‌ಗೆ 201 ಹಾಕೋದು ಕಮ್ಮಿ. ನಿನ್ನ ಮೂರನೇ ಫೋಟೋದಲ್ಲಿ ಬೆಸುಗೆಗಳು ನೀಟಾಗಿವೆ, ತಗಡು ದಪ್ಪ ಇದೆ. ನಾನಾಗಿದ್ರೆ ಎಸೀತಿರ್ಲಿಲ್ಲ. ಇಂಥ ಗ್ರಿಲ್‌ಗಳಲ್ಲಿ ಬರ್ನರ್, ಜಾಲರಿ, ಪೈಪು, ಕಿಡಿ ಪೆಟ್ಟಿಗೆ ಇವೆಲ್ಲಾ ಚಪ್ಪಲಿ ಇದ್ದಂಗೆ, ಸವೆದಾಗ ಬದಲಾಯಿಸೋದು. ಪೆಟ್ಟಿಗೆ ತಳ ತೂತು ಬಿದ್ದಿದ್ರೆ ಮಾತ್ರ ದೊಡ್ಡಣ್ಣ ಗೆದ್ದ. ವೆಬರ್ ಕಂಪನಿ 1985ರಲ್ಲಿ ಜೆನೆಸಿಸ್ ಅಂತ ಒಂದು ಗ್ರಿಲ್ ತಂದಿತ್ತು. ಆ ಹಳೇ ಜೆನೆಸಿಸ್‌ಗಳನ್ನ ಇವತ್ತಿಗೂ ಜನ ಹುಡುಕಿ ತಂದು ರಿಪೇರಿ ಮಾಡ್ಕೊಂಡು ಉರಿಸ್ತಾರೆ.

ಬಿಚ್ಚೋ ಮುಂಚೆ ಒಂದೊಂದು ಹಂತಕ್ಕೂ ಫೋಟೋ ತೆಗಿ. ಸ್ಕ್ರೂಗಳನ್ನ ಬೇರೆ ಬೇರೆ ಡಬ್ಬಿಗೆ ಹಾಕು. ಕಚ್ಕೊಂಡಿರೋ ಸ್ಕ್ರೂಗೆ ತುಕ್ಕು ಬಿಡಿಸೋ ಎಣ್ಣೆ ಹಾಕಿ ರಾತ್ರಿಯಿಡೀ ಬಿಡು, ತಾಳ್ಮೆ ಕಳ್ಕೊಂಡು ತಿರುಚಿದ್ರೆ ತಲೆ ಮುರಿದು ಕೈಗೆ ಬರುತ್ತೆ. ಅಲ್ಯೂಮಿನಿಯಂ ಎರಕದೊಳಗೆ ಸ್ಟೀಲ್ ಸ್ಕ್ರೂ ಇರೋ ಕಡೆ ಬಿಳಿ ಪುಡಿ ಕಾಣುತ್ತೆ, ಅಂಥವು ತೀರಾ ಹಠಮಾರಿ. ವಾಪಸ್ ಹಾಕುವಾಗ ಸ್ಕ್ರೂ ಕಚ್ಕೊಳ್ಳದೇ ಇರೋ ಪೇಸ್ಟ್ ಸವರಿ ಹಾಕು. ಸ್ಟೀಲ್ ಬೋಲ್ಟಿಗೆ ಸ್ಟೀಲ್ ನಟ್ ಹಾಕಿದ್ರೂ ಒಣಗಿದ್ದಾಗ ಒಂದಕ್ಕೊಂದು ಬೆಸೆದ್ಕೊಂಡು ಕೂತ್ಬಿಡುತ್ತೆ.

ಅಲ್ಯೂಮಿನಿಯಂ ಅಂದಾಗ ನೆನಪಾಯ್ತು, ಇದು ನನ್ನದೇ ಪೆದ್ದುತನ. ನನ್ನ ಮೊದಲ ಗ್ರಿಲ್‌ನ ಮುಚ್ಚಳದ ಎರಡೂ ತುದಿ ಅಲ್ಯೂಮಿನಿಯಂ ಎರಕ. ಜಿಡ್ಡು ಹೋಗ್ಲಿ ಅಂತ ಓವನ್ ತೊಳೆಯೋ ಸ್ಪ್ರೇ ಹೊಡೆದು ಒಳಗೆ ಹೋದೆ. ವಾಪಸ್ ಬಂದಾಗ ಬುರುಬುರು ಗುಳ್ಳೆ, ಆಮೇಲೆ ಮಸಿ ಬಳಿದಂಗೆ ಕಪ್ಪು. ಆ ಸ್ಪ್ರೇಗಳಲ್ಲಿ ಕಾಸ್ಟಿಕ್ ಸೋಡಾ ಇರುತ್ತೆ, ಅಲ್ಯೂಮಿನಿಯಂನ ತಿಂದುಬಿಡುತ್ತೆ. ಕೊನೇಗೆ ಉಜ್ಜಿ ಉಜ್ಜಿ ಶಾಖ ತಡೆಯೋ ಬಣ್ಣ ಹೊಡೆದೆ. ಯಾರಿಗೂ ಹೇಳಿರ್ಲಿಲ್ಲ, ಕಪ್ಪೇ ಚಂದ ಅಂತ ಹೊಡೆದಿದ್ದು ಅಂದಿದ್ದೆ. ಈಗ ಗೊತ್ತಾಯ್ತಲ್ಲ ಎಲ್ಲರಿಗೂ.

ಇನ್ನು ಬಲಗಡೆ ಬರ್ನರ್. ಪುಟ್ಟಾ, ಇದನ್ನ ಗಮನ ಕೊಟ್ಟು ಕೇಳು. ನಾಲ್ಕೂ ಒಟ್ಟಿಗೆ ಮಂಕಾದ್ರೆ ಸಂಶಯ ರೆಗ್ಯುಲೇಟರ್ ಮೇಲೆ. ಒಂದೇ ಮಂಕಾದ್ರೆ ಆ ಬರ್ನರ್ ಮೇಲೆ, ಇಲ್ಲಾ ಅದರ ಜೆಟ್ ಮೇಲೆ. ಬರ್ನರ್‌ನ ಹಿಂದಿನ ಬಾಯಿ ನೋಡು, ಜೆಟ್‌ನ ಮೂತಿ ಆ ಕೊಳವೆಯೊಳಗೆ ಸುಮ್ನೆ ತೂರಿ ನಿಂತಿರುತ್ತೆ, ಸುತ್ತ ಖಾಲಿ ಜಾಗ. ಅದು ಯಾರೋ ಸರಿಯಾಗಿ ಕೂರಿಸದೇ ಬಿಟ್ಟಿದ್ದಲ್ಲ, ಗಾಳಿ ಒಳಗೆ ಹೋಗೋ ದಾರಿ. ಒಂದು ಪಾಲು ಮೀಥೇನ್ ಪೂರ್ತಿ ಉರಿಯೋಕೆ ಸುಮಾರು 10 ಪಾಲು ಗಾಳಿ ಬೇಕು, ಪ್ರೊಪೇನ್‌ಗೆ ಸುಮಾರು 24. ಆ ಕೊಳವೆ ಒಳಗೆ ತಣ್ಣಗೆ ಕತ್ತಲೆ ಇರುತ್ತೆ, ಜೇಡಕ್ಕೆ ಅದಕ್ಕಿಂತ ಒಳ್ಳೇ ಮನೆ ಇನ್ನೆಲ್ಲಿ? ಬಲೆ ಕಟ್ಟಿ ಮೊಟ್ಟೆ ಇಟ್ಟಿರುತ್ತೆ. ಕಣಜ ಆದ್ರೆ ಮಣ್ಣಿನ ಗೂಡೇ ಮೆತ್ತಿರುತ್ತೆ. ಗಾಳಿ ಸಾಲದೇ ಹೋದ್ರೆ ಉರಿ ಹಳದಿ, ಸೋಮಾರಿ ಥರ ತೂರಾಡುತ್ತೆ, ಮಸಿ ಹಿಡಿಸುತ್ತೆ.

ಹಳದಿ ಉರಿ ಬರೀ ನೋಡೋಕೆ ಕೆಟ್ಟದ್ದು ಅಂತ ಬಿಟ್ರೆ ಏನಾಗುತ್ತೆ ಅಂತ ನಂಗೆ ಗೊತ್ತು. ಮಳೆಗಾಲ ಪೂರ್ತಿ ಹೊದಿಕೆ ಹಾಕಿಟ್ಟಿದ್ದ ಗ್ರಿಲ್ ತೆಗೆದು ನಾಬ್ ತಿರುಗಿಸಿ ಹಚ್ಚಿದೆ. ಒಳಗೆ ಮುಂದಕ್ಕೆ ಹೋಗೋಕೆ ದಾರಿ ಇಲ್ಲ, ಗ್ಯಾಸ್ ಹಿಂದಕ್ಕೆ ಬಂದು ನಾಬ್ ಪಟ್ಟಿಯ ಹಿಂದೆ ಹತ್ಕೊಳ್ತು. ಬುಸ್ ಅಂತ ಒಂದು ಸದ್ದು, ಅಷ್ಟೇ. ಮುಂಗೈ ಕೂದಲು ಸುಟ್ಟ ವಾಸನೆ ಎರಡು ದಿನ ಹೋಗ್ಲಿಲ್ಲ. ಸಿಲಿಂಡರ್ ವಾಲ್ವ್ ಕೈಗೆ ಸಿಗೋ ಜಾಗದಲ್ಲಿತ್ತು, ತಕ್ಷಣ ಮುಚ್ಚಿದೆ, ಬಚಾವಾದೆ. ಬಿಚ್ಚಿ ನೋಡಿದ್ರೆ ಕಡಲೆಕಾಳಷ್ಟು ದಪ್ಪದ ಒಂದು ಬಿಳಿ ಜೇಡರ ಗೂಡು. ಅಷ್ಟಕ್ಕೆ ಅಷ್ಟು!

ಹಾಗಾಗಿ ನಾಲ್ಕೂ ಬರ್ನರ್ ಹೊರಗೆ ತೆಗಿ, ಚೆನ್ನಾಗಿ ಉರೀತಿರೋ ಮೂರನ್ನೂ. ಬಾಟಲಿ ತೊಳೆಯೋ ಥರದ ಉದ್ದ ಬ್ರಷ್ ಬಾಯಿಂದ ಕೊನೇವರೆಗೂ ಆಡಿಸು. ಮೇಲಿನ ಸಣ್ಣ ತೂತುಗಳಿಗೆ ಅವುಗಳ ಅಳತೆಯ ತಂತಿ ಹಾಕಿ ಚುಚ್ಚು, ದೊಡ್ಡದು ಮಾಡಬೇಡ. ಎರಡು ತೂತು ತುಕ್ಕು ತಿಂದು ಒಂದಾಗಿದ್ರೆ ಆ ಬರ್ನರ್ ಕಥೆ ಮುಗೀತು, ಹೊಸದು ತರಿಸು. ಜೆಟ್‌ಗೆ ಮಾತ್ರ ಲೋಹದ ತಂತಿ ಬೇಡ, ಮರದ ಹಲ್ಲುಕಡ್ಡಿ ಸಾಕು, ಹಿತ್ತಾಳೆ ಮೆತ್ತಗಿರುತ್ತೆ, ಗೀರಿದ್ರೆ ತೂತಿನ ಅಳತೆ ಕೆಡುತ್ತೆ. ವಾಪಸ್ ಕೂರಿಸುವಾಗ ಜೆಟ್ ಮೂತಿ ಬರ್ನರ್ ಬಾಯೊಳಗೇ ಹೋಗಿದೆಯಾ ಅಂತ ಟಾರ್ಚ್ ಹಾಕಿ ನೋಡು. ಬಾಯಿ ಹತ್ರ ತಿರುಗೋ ತಗಡಿನ ಬಿಲ್ಲೆ ಇದ್ರೆ ಅದು ಗಾಳಿ ಹೆಚ್ಚು ಕಮ್ಮಿ ಮಾಡೋದು. ನೀಲಿ ಉರಿ, ತುದೀಲಿ ಒಂಚೂರು ಹಳದಿ ಇದ್ರೆ ಸರಿ. ಉರಿ ತೂತು ಬಿಟ್ಟು ಮೇಲೆ ಹಾರ್ತಾ ಭೋರ್ಗರೆದ್ರೆ ಗಾಳಿ ಜಾಸ್ತಿಯಾಯ್ತು ಅಂತ.

ನಿನ್ನ ಐದನೇ ಫೋಟೋದಲ್ಲಿ ಪಕ್ಕದಲ್ಲಿ ಜೇನುಹುಟ್ಟಿನ ಥರ ಸಣ್ಣ ಸಣ್ಣ ತೂತಿರೋ ಬಿಳಿ ಪಿಂಗಾಣಿ ಹಲಗೆ ಇದೆಯಲ್ಲ, ಅದು ಇನ್‌ಫ್ರಾರೆಡ್ ಬರ್ನರ್. ಅದಕ್ಕೆ ನೀರು, ಬ್ರಷ್, ತಂತಿ ಏನೂ ತೋರಿಸಬೇಡ. ಬಿರುಕು ಬಿಟ್ಟಿದೆಯಾ ನೋಡು, ಬಿಟ್ಟಿದ್ರೆ ಹಚ್ಚಲೇಬೇಡ. ಇಲ್ಲದಿದ್ರೆ ಜೋರು ಉರಿಯಲ್ಲಿ ಸ್ವಲ್ಪ ಹೊತ್ತು ಬಿಟ್ರೆ ತನ್ನ ಕೊಳೆ ತಾನೇ ಸುಟ್ಕೊಳ್ಳುತ್ತೆ.

ಕಿಡಿ ವಿಷಯ ದೊಡ್ಡದಲ್ಲ. ಬಟನ್ ಬಿಚ್ಚು, ಒಳಗೆ ಪೆನ್ಸಿಲ್ ಸೆಲ್ ಇದ್ರೆ ಅದು ಸೋರಿ ಹಸಿರು ಹಿಡಿದಿರುತ್ತೆ, ವಿನೆಗರಲ್ಲಿ ಒರೆಸಿ ಹೊಸ ಸೆಲ್ ಹಾಕು. ಟಕ್ ಟಕ್ ಅಂತ ಸದ್ದಿದ್ದೂ ಹತ್ತದೇ ಇದ್ರೆ ಕತ್ತಲಲ್ಲಿ ನೋಡು, ಕಿಡಿ ಬೇರೆಲ್ಲೋ ಹಾರ್ತಿರುತ್ತೆ. ಕಿಡಿ ಹಾರೋ ಮೊನೆ ಸುತ್ತ ಇರೋ ಬಿಳಿ ಪಿಂಗಾಣಿ ಸೀಳಿದ್ರೆ ಹಾಗಾಗುತ್ತೆ. ಮೊನೆಗೂ ಬರ್ನರ್‌ಗೂ ನಡುವೆ 3, 4 ಮಿಲಿಮೀಟರ್ ಸಂದು ಸಾಕು. ಅಲ್ಲೀವರೆಗೆ ಉದ್ದ ಲೈಟರ್ ಇದೆ, ಆದ್ರೆ ಹಚ್ಚುವಾಗ ಮುಚ್ಚಳ ತೆರೆದಿರಲೇಬೇಕು. ಮೊದಲ ಸಲ ಹತ್ತಲಿಲ್ಲ ಅಂದ್ರೆ ಗ್ಯಾಸ್ ಮುಚ್ಚಿ ಐದು ನಿಮಿಷ ಕಾಯಿ.

ನಾಬ್ ಬಿಗಿ ಅಂದ್ಯಲ್ಲ, ದಯವಿಟ್ಟು ಅದಕ್ಕೆ ಬಾಗಿಲ ಕೀಲಿಗೆ ಹೊಡೆಯೋ ಎಣ್ಣೆ ಸ್ಪ್ರೇ ಹೊಡೀಬೇಡ. ವಾಲ್ವ್ ಒಳಗೆ ಗ್ರೀಸು ಇರುತ್ತೆ, ಗ್ಯಾಸ್ ತಡೆಯೋದೇ ಅದು, ಸ್ಪ್ರೇ ಅದನ್ನ ತೊಳೆದುಬಿಟ್ರೆ ಸೋರಿಕೆ. ಬಹಳ ಸಲ ಬಿಗಿ ಇರೋದು ವಾಲ್ವ್ ಅಲ್ಲ, ನಾಬ್‌ಗೂ ಪಟ್ಟಿಗೂ ನಡುವೆ ಒಣಗಿದ ಜಿಡ್ಡು. ನಾಬ್ ಎಳೆದು ತೆಗೆದು ತೊಳಿ. ಆಮೇಲೂ ಬಿಗಿ ಇದ್ರೆ ವಾಲ್ವೇ ಹೊಸದು.

ರಬ್ಬರ್ ಪೈಪು ಚೆನ್ನಾಗಿದ್ರೂ ಎಸಿ. ಅದರಲ್ಲಿ ಮಿತವ್ಯಯ ಬೇಡ. ಎಲ್ಲಾ ಜೋಡಿಸಿದ ಮೇಲೆ, ಬರ್ನರ್ ನಾಬ್‌ಗಳೆಲ್ಲಾ ಮುಚ್ಚಿದ ಸ್ಥಿತಿಯಲ್ಲಿ ಸಿಲಿಂಡರ್ ತೆರೆದು ಪೈಪು ಸೇರೋ ಪ್ರತಿ ಜಾಗಕ್ಕೂ ಸೋಪು ನೀರು ಹಚ್ಚು. ಗುಳ್ಳೆ ಬೆಳೆದ್ರೆ ಸೋರಿಕೆ. ಬೆಂಕಿಕಡ್ಡಿ ಗೀರಿ ನೋಡೋ ವೀರರು ನಮ್ಮ ಮನೇಲೂ ಇದ್ರು, ಹೆಸರು ಹೇಳಲ್ಲ. ಮತ್ತೆ, ಸಿಲಿಂಡರ್ ವಾಲ್ವನ್ನ ಯಾವಾಗ್ಲೂ ನಿಧಾನಕ್ಕೆ ತಿರುಗಿಸು. ಕೆಲವು ರೆಗ್ಯುಲೇಟರ್‌ಗಳು ಗ್ಯಾಸ್ ಒಮ್ಮೆಲೇ ನುಗ್ಗಿದ್ರೆ ಎಲ್ಲೋ ಪೈಪು ಕಿತ್ತಿದೆ ಅಂದ್ಕೊಂಡು ತಾವೇ ಗ್ಯಾಸ್ ತೀರಾ ಕಮ್ಮಿ ಮಾಡ್ಬಿಡ್ತವೆ. ಆಗ ನಾಲ್ಕೂ ಬರ್ನರ್ ಮಂಕು. ಎಲ್ಲಾ ಮುಚ್ಚಿ, ರೆಗ್ಯುಲೇಟರ್ ಬಿಚ್ಚಿ, ಸ್ವಲ್ಪ ಕಾದು ಮತ್ತೆ ಹಾಕಿ ನಿಧಾನಕ್ಕೆ ತೆರೆದ್ರೆ ಸರಿಹೋಗುತ್ತೆ. ಇದು ಗೊತ್ತಿಲ್ಲದೇ ಒಳ್ಳೇ ಗ್ರಿಲ್ ಮಾರಿದೋರನ್ನ ನಾನು ನೋಡಿದೀನಿ.

ಈಗ ನಿನ್ನ ಪಾಲಿಶ್‌ಗೆ ಬರೋಣ, ಇಷ್ಟು ಹೊತ್ತು ಕಾದಿದೀಯ. ಮುಚ್ಚಳದ ಒಳಗೆ ಏಳ್ತಿರೋದು ಬಣ್ಣ ಅಲ್ಲ ಕಣೋ, ಸುಟ್ಟು ಗಟ್ಟಿಯಾದ ಜಿಡ್ಡಿನ ಪದರ. ಬಹುತೇಕ ಗ್ರಿಲ್‌ಗಳಲ್ಲಿ ಅಲ್ಲಿ ಬಣ್ಣವೇ ಹೊಡೆದಿರಲ್ಲ. ಪ್ಲಾಸ್ಟಿಕ್ ಪಟ್ಟಿಯಲ್ಲಿ ಕೆರೆದು ಸೋಪು ನೀರಲ್ಲಿ ತೊಳಿ. ಹೊರಗಿನ ಚುಕ್ಕೆಗಳು ಬಹುಶಃ ಯಾರೋ ಕಬ್ಬಿಣದ ನಾರಲ್ಲಿ ಉಜ್ಜಿದ್ದರ ಫಲ. ಕಬ್ಬಿಣದ ಕಣ ಸ್ಟೀಲ್ ಮೇಲೆ ಉಳಿದು ತುಕ್ಕು ಹಿಡಿಯುತ್ತೆ. ಅಡುಗೆ ಸೋಡಾ ಪೇಸ್ಟ್, ಜಗ್ಗದಿದ್ರೆ ಆಕ್ಸಾಲಿಕ್ ಆಮ್ಲ ಇರೋ ಪುಡಿ, ಕೈಗವಸು ಹಾಕ್ಕೊಂಡು. ಸ್ಟೀಲ್‌ನಲ್ಲಿ ಗೆರೆ ಯಾವ ಕಡೆ ಹೋಗುತ್ತೋ ಆ ಕಡೆಗೇ ಉಜ್ಜು, ಅಡ್ಡ ಉಜ್ಜಿದ್ರೆ ಆ ಗೀರು ಸಾಯೋವರೆಗೂ ಕಾಣುತ್ತೆ. ಬ್ಲೀಚ್ ಹತ್ರಕ್ಕೂ ತರಬೇಡ. ಮುಚ್ಚಳದ ಮೇಲೆ ಕಾಮನಬಿಲ್ಲಿನ ಬಣ್ಣ ಇದೆಯಲ್ಲ, ಅದು ಶಾಖಕ್ಕೆ ಬಂದಿದ್ದು, ಕಾಯಿಲೆ ಅಲ್ಲ, ನಂಗಂತೂ ಅದೇ ಚಂದ. ಜಾಲರಿಗೆ ತಂತಿ ಬ್ರಷ್ ಹಾಕಬೇಡ, ಮುರಿದ ಒಂದು ತಂತಿ ಅಡುಗೆಗೆ ಅಂಟಿ ಗಂಟಲಿಗೆ ಹೋದ್ರೆ ಆಸ್ಪತ್ರೆ ದಾರಿ.

ಜಿಡ್ಡು ಬೀಳೋ ತಟ್ಟೆ ಖಾಲಿ ಮಾಡದೇ ಮೊದಲ ಸಲ ಹಚ್ಚಬೇಡ. ಜಿಡ್ಡಿಗೆ ಬೆಂಕಿ ಬಿದ್ರೆ ನೀರು ಸುರೀಬಾರದು, ಗ್ಯಾಸ್ ಮುಚ್ಚಿ ಮುಚ್ಚಳ ಹಾಕಿ ದೂರ ಬಾ.

ಈಗ ಮಾಡ್ಬೇಕಾಗಿರೋದು ಒಂದೇ. ಮಾಡೆಲ್ ನಂಬರ್, ಯಾವ ಗ್ಯಾಸ್ ಅಂತ ಬರೆದಿರೋ ಪಟ್ಟಿ ಗ್ರಿಲ್ ಹಿಂಭಾಗದಲ್ಲೋ, ಕಪಾಟಿನ ಬಾಗಿಲ ಒಳಗಡೇನೋ, ಜಿಡ್ಡು ತಟ್ಟೆ ಹತ್ರಾನೋ ಇರುತ್ತೆ. ಅದರ ಫೋಟೋ ಇಲ್ಲಿ ಹಾಕು, ಕಿಟ್ ಇದೆಯಾ ಹುಡುಕೋಣ. ಒರೆಸಿ, ಬೆಳಕಲ್ಲಿ ತೆಗಿಯಪ್ಪಾ. ಬೆಳಗ್ಗೆ ಹಾಕಿದ್ದರಲ್ಲಿ ನಿನ್ನ ಹೆಬ್ಬೆಟ್ಟು ಬಿಟ್ರೆ ನಂಗೇನೂ ಕಾಣ್ಲಿಲ್ಲ.