ಎಕ್ಸ್ ಸಿಕ್ಕಿತು, ಕೋನ ಸಿಗಲಿಲ್ಲ

ಉಡುಪಿ ರಥಬೀದಿ ಹತ್ತಿರದ ಹೋಟೆಲು. ಹೊರಗೆ ಜಡಿಮಳೆ, ಒಳಗೆ ಗೋಳಿಬಜೆ.

"ಇನ್ನು ಟ್ಯೂಷನ್ ಎಂತಕ್ಕೆ ಮಾರಾಯ್ರೆ? ಫೋಟೋ ಹೊಡೆದರೆ ಮೊಬೈಲೇ ಲೆಕ್ಕ ಬಿಡಿಸುತ್ತದೆ," ಎಂದ ಶೀನ, ಎಣ್ಣೆಗೈಯಲ್ಲೇ ಫೋನ್ ತಿರುಗಿಸುತ್ತಾ. "ಎರಡು ಪರಿಪೂರಕ ಕೋನ. ಒಂದು ಮೂರು ಎಕ್ಸ್ ಮತ್ತು 10, ಇನ್ನೊಂದು ಎರಡು ಎಕ್ಸ್ ಮತ್ತು 20. ದೊಡ್ಡ ಕೋನ ಎಷ್ಟು? ಪ್ರಶ್ನೆ ಉದ್ದ ಉಂಟೂಂತ ಸಮೀಕರಣ ಮಾತ್ರ ಫೋಟೋ ಹೊಡೆದೆ. ಟಕ್ ಅಂತ 30 ಬಂತು."

"ಮಗಳು ಎಂತ ಬರೆದಳು?" ಎಂದರು ರಾಯರು.

"30."

"ಮಾರ್ಕು?"

"ಸೊನ್ನೆ. ಟೀಚರಿಗೆ ನಮ್ಮ ಮೇಲೆ ಎಂತದೋ ಸಿಟ್ಟು."

"ಮಾರಾಯಾ, 30 ಅನ್ನುವುದು ಎಕ್ಸ್! ಮದುಮಗ ಎಲ್ಲಿ ಅಂದವರಿಗೆ ದಲ್ಲಾಳಿಯನ್ನು ತೋರಿಸಿದ ಹಾಗಾಯ್ತು. ಮೊಬೈಲೇನೋ ಉತ್ತರ ಹೇಳಿತು, ಪ್ರಶ್ನೆ ಓದಿದ್ದು ಯಾರು? ಪರಿಪೂರಕ ಅಂದರೆ ಎರಡೂ ಸೇರಿ 180 ಡಿಗ್ರಿ. ಅಂದರೆ ಐದು ಎಕ್ಸ್, ಮೇಲೆ 30. ಆ 30 ಕಳೆದರೆ 150, ಐದರಿಂದ ಭಾಗಿಸಿದರೆ ಎಕ್ಸ್ 30. ಅದನ್ನು ವಾಪಸ್ ಹಾಕಬೇಕಲ್ವಾ? ಮೂರು ಮೂವತ್ತು ತೊಂಬತ್ತು, ಮತ್ತೆ ಹತ್ತು. 100! ಇನ್ನೊಂದು 80."

"ಈ ಎಕ್ಸ್ ಎಲ್ಲ ಇಂಗ್ಲಿಷಿನವರ ರಗಳೆ," ಎಂದರು ಭಟ್ರು. "ನಮ್ಮಲ್ಲಿ ಇತ್ತಾ?"

"ಇತ್ತು ಭಟ್ರೇ. ಭಾಸ್ಕರಾಚಾರ್ಯರು 1150ರಲ್ಲೇ ಗೊತ್ತಿಲ್ಲದ ಸಂಖ್ಯೆಗೆ 'ಯಾವತ್ ತಾವತ್' ಅಂತಿದ್ದರು. ಎಷ್ಟೋ ಅಷ್ಟು. ಬರೆಯುವಾಗ ಬರೀ 'ಯಾ'."

"ನನ್ನ ಮೊಮ್ಮಗನೂ ಏನು ಕೇಳಿದರೂ 'ಯಾ' ಅಂತಾನೆ!"

"ಅವನಿಗೂ ಗೊತ್ತಿಲ್ಲ ಅಂತಲೇ ಅರ್ಥ."

ಶೀನನಿಗೆ ಸಮಾಧಾನವಾಗಲಿಲ್ಲ. "ಆದರೂ ಈ 180 ಯಾವ ಕರ್ಮಕ್ಕೆ?"

ರಾಯರು ಬೆಂಚಿಗೆ ಒರಗಿಸಿದ್ದ ಕೊಡೆ ತೋರಿಸಿದರು. "ನೋಡು. ಈ ಕಡೆ ನೆಲಕ್ಕೂ ಕೊಡೆಗೂ ನಡುವೆ ಒಂದು ಕೋನ, ಆ ಕಡೆ ಒಂದು. ಕೊಡೆ ಎಷ್ಟು ವಾಲಿದರೂ ಇಲ್ಲಿ ಕಡಿಮೆಯಾದದ್ದು ಅಲ್ಲಿ ಜಾಸ್ತಿ."

"ನಮ್ಮ ಮನೆ ಹಾಗೇ," ಎಂದರು ಭಟ್ರು. "ನನ್ನ ಮಾತು 10, ಅವಳದ್ದು 170."

ಎಲ್ಲರೂ ನಕ್ಕರು. ಕೊಡೆಯ ಹಿಡಿಗೆ ಕೆಂಪು ನೂಲು ಸುತ್ತಿತ್ತು. ಮದುವೆಮನೆಯಲ್ಲಿ ಅದಲುಬದಲಾಗದಿರಲಿ ಅಂತ ರಾಯರ ಹೆಂಡತಿ ಸುತ್ತಿದ್ದು. ಆಕೆ ಹೋಗಿ ಇದು ಎರಡನೇ ಮಳೆಗಾಲ.

ಚಹಾ ತಂದ ಹುಡುಗನ ಕಾಲು ತಾಗಿ ಕೊಡೆ ನೆಲಕ್ಕೆ ಬಿತ್ತು.

"ಈಗ?" ಎಂದ ಶೀನ.

"ಈಗ ಒಂದು ಕಡೆ ಸೊನ್ನೆ. 180 ಪೂರ್ತಿ ಇನ್ನೊಂದರ ತಲೆಗೆ." ರಾಯರು ಬಗ್ಗಿ ಕೊಡೆ ಎತ್ತಿಕೊಂಡು ಒರೆಸಿದರು. "ಮಳೆ ಬಿಟ್ಟ ಹಾಗುಂಟು, ಬರ್ತೇನೆ."

ಮಳೆ ಬಿಟ್ಟಿರಲಿಲ್ಲ.